ನೆರಳಿನ ಹಿತ್ತಿಲಿಗೆ ವಸಂತದ ಗೆಡ್ಡೆಹೂಗಳು: ಫುಟ್‌ಬಾಲ್ ಲಿಲಿ, ನೆಲಸಂಪಿಗೆ

ಮಾವಿನ ಮರದಡಿ, ಕಾಂಪೌಂಡಿನ ಉತ್ತರದ ಬದಿ, ಎರಡು ಮನೆಗಳ ನಡುವಿನ ಸಂದಿ: ಗುಲಾಬಿ, ದಾಸವಾಳ ಸೊರಗುವ ಇಂಥ ಜಾಗಕ್ಕೆಂದು ಆನ್‌ಲೈನ್‌ನಲ್ಲಿ ಟ್ಯೂಲಿಪ್, ಡ್ಯಾಫೊಡಿಲ್ ತರಿಸುವವರಿದ್ದಾರೆ. ಆ ದುಡ್ಡು ಅಕ್ಷರಶಃ ಮಣ್ಣುಪಾಲು. ಟ್ಯೂಲಿಪ್ ಗೆಡ್ಡೆಗೆ ಹೂ ಬಿಡಲು 12ರಿಂದ 16 ವಾರ 9 ಡಿಗ್ರಿಯ ಆಸುಪಾಸಿನ ಚಳಿ ಬೇಕು. ಬೆಂಗಳೂರಿನ ಜನವರಿ ರಾತ್ರಿಯ ಸರಾಸರಿಯೇ 15–16 ಡಿಗ್ರಿ. ಫ್ರಿಜ್‌ನಲ್ಲಿಟ್ಟು ನೆಟ್ಟರೆ ಒಂದು ವರ್ಷ ಹೂ ಕಂಡೀತು, ಮರುವರ್ಷ ಗೆಡ್ಡೆಯೇ ಇರುವುದಿಲ್ಲ.

ನಮ್ಮಲ್ಲಿ ಒಗ್ಗುವ ಗೆಡ್ಡೆಗಳನ್ನು ಎಬ್ಬಿಸುವುದು ಚಳಿಯಲ್ಲ, ಬರ ಮುಗಿದು ಬೀಳುವ ಮಳೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಣ ಮಣ್ಣಲ್ಲಿ ಮಲಗಿ, ಅಶ್ವಿನಿ, ಭರಣಿ ಮಳೆಗಳಿಗೆ ಏಳುತ್ತವೆ. ಈ ನಾಲ್ಕು ತಿಂಗಳು ಒಣಗಲು ಬಿಟ್ಟರೆ ಅರ್ಧ ಕೆಲಸ ಆದಂತೆ. ಕೆಡುವುದೂ ಇಲ್ಲೇ: ಪಕ್ಕದ ಗಿಡಗಳಿಗೆಂದು ದಿನಾ ಪೈಪು ಹಿಡಿದರೆ ಮಲಗಿದ ಗೆಡ್ಡೆ ಸದ್ದಿಲ್ಲದೆ ಕೊಳೆಯುತ್ತದೆ.

ಮೊದಲು ನೆರಳನ್ನು ಅಳೆಯಿರಿ. ನಡುಮಧ್ಯಾಹ್ನ ನೆಲದಿಂದ ಒಂದಡಿ ಮೇಲೆ ಅಂಗೈ ಹಿಡಿಯಿರಿ. ಅಂಚು ಮಸುಕಾದ ನೆರಳು ಬಿದ್ದರೆ ಜಾಗ ಸರಿ. ಏನೂ ಬೀಳದಿದ್ದರೆ ಅಲ್ಲಿ ಎಲೆ ಬಂದೀತೇ ಹೊರತು ಹೂ ಬಾರದು; ಕೊಂಬೆ ಸವರಿ ಬೆಳಕು ಬಿಡಬೇಕು. ಬೆಳಗಿನ ಎರಡು ಮೂರು ತಾಸಿನ ಎಳೆಬಿಸಿಲು ಸಿಗುವ ಪೂರ್ವದ ಬದಿಯಾದರೆ ಇನ್ನೂ ಒಳ್ಳೆಯದು.

ಫುಟ್‌ಬಾಲ್ ಲಿಲಿ (ಸ್ಕ್ಯಾಡಾಕ್ಸಸ್ ಮಲ್ಟಿಫ್ಲೋರಸ್) ಆಫ್ರಿಕಾ ಮೂಲದ್ದು. ಬರಿ ನೆಲದಿಂದ ದಂಟೊಂದು ಎದ್ದು, ಅದರ ತುದಿಗೆ ಒಂದೇ ಗೋಲದಲ್ಲಿ 200ರವರೆಗೂ ಕಿರುಹೂಗಳು ಬಿರಿಯುತ್ತವೆ. ಎಲೆ ಹೂವಿನ ಜೊತೆಗೋ ಆಮೇಲೋ ಬರುತ್ತದೆ. ನೆಡಲು ಫೆಬ್ರವರಿ–ಮಾರ್ಚ್ ಸರಿಯಾದ ಕಾಲ. ಅಡ್ಡಳತೆ ಕನಿಷ್ಠ 4–5 ಸೆಂ.ಮೀ. ಇರುವ, ಒತ್ತಿದರೆ ಗಟ್ಟಿಯಾಗಿರುವ, ದಪ್ಪ ಬೇರುಗಳು ಉಳಿದಿರುವ ಗೆಡ್ಡೆಯನ್ನೇ ಆರಿಸಿ. ಬೇರು ಬೋಳಿಸಿ ಮಾರುವ ಗೆಡ್ಡೆ ಮೊದಲ ವರ್ಷ ಬೇರು ಕಟ್ಟುವುದರಲ್ಲೇ ಕಳೆಯುತ್ತದೆ.

ಮರದಡಿಯ ನೆಲಕ್ಕಿಂತ ಕುಂಡವೇ ವಾಸಿ. 10 ಇಂಚಿನ ಮಣ್ಣಿನ ಕುಂಡವನ್ನು ಅಂಚಿನವರೆಗೆ ನೆಲದಲ್ಲಿ ಹೂತರೆ ಮರದ ಬೇರಿನ ಕಾಟವಿಲ್ಲ, ಬೇಕೆಂದಾಗ ಎತ್ತಿ ಸೂರಿನಡಿ ಇಡಬಹುದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಬೇವಿನ ಹಿಂಡಿ. ಎಂ-ಸ್ಯಾಂಡ್ ಆದರೆ ತೊಳೆದು ಹಾಕಿ, ಇಲ್ಲದಿದ್ದರೆ ಅದರ ಪುಡಿ ಸಿಮೆಂಟಿನಂತೆ ಕೂರುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಡವೇ ಬೇಡ. ಒಣಗಬೇಕಾದ ಕಾಲದಲ್ಲಿ ತೇವ ಹಿಡಿದಿಡುತ್ತದೆ. ಗೆಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಕಾಣುವಂತಿರಲಿ. ಮಲೆನಾಡು, ಕರಾವಳಿಯಲ್ಲಿ ನೆಲಕ್ಕೇ ನೆಡುವುದಾದರೆ ಅರ್ಧ ಅಡಿ ಎತ್ತರದ ಏರುಮಡಿ ಬೇಕು.

ನೆಟ್ಟಾಗ ಒಮ್ಮೆ ಹದವಾಗಿ ನೀರು ಕೊಟ್ಟು ಕೈಬಿಡಿ. ಏಪ್ರಿಲ್ ಕೊನೆಯವರೆಗೂ ಮಳೆ ಬಾರದಿದ್ದರೆ ನೀವೇ ಒಮ್ಮೆ ಕುಂಡ ತುಂಬ ತೋಯಿಸಿ, ಮೊಳಕೆ ಕಂಡ ಮೇಲೆ ವಾರಕ್ಕೆರಡು ಬಾರಿ ನೀರು. ಹೂ ಮುಗಿದೊಡನೆ ಆರೈಕೆ ನಿಲ್ಲಿಸುವುದು ಸಾಮಾನ್ಯ ತಪ್ಪು: ಮುಂದಿನ ವರ್ಷದ ಹೂ ತಯಾರಾಗುವುದು ಜೂನ್‌ನಿಂದ ಅಕ್ಟೋಬರ್‌ವರೆಗಿನ ಎಲೆಗಳಿಂದ. ಕಡಲೆಹಿಂಡಿ ನೆನೆಸಿದ ನೀರಿಗೆ ಹತ್ತರಷ್ಟು ನೀರು ಬೆರೆಸಿ ತಿಂಗಳಿಗೊಮ್ಮೆ ಕೊಟ್ಟರೆ ಸಾಕು. ನವೆಂಬರ್‌ನಲ್ಲಿ ಎಲೆ ಹಳದಿಯಾಗುತ್ತ ಬಂದಂತೆ ನೀರು ತಗ್ಗಿಸಿ. ಹಸಿರಿರುವಾಗ ಕತ್ತರಿಸಬೇಡಿ. ವರ್ಷವರ್ಷ ಕುಂಡ ಬದಲಿಸುವುದೂ ಬೇಡ, ಇಕ್ಕಟ್ಟಾದಷ್ಟೂ ಇದು ಚೆನ್ನಾಗಿ ಹೂ ಬಿಡುತ್ತದೆ.

ಮಳೆಗಾಲದಲ್ಲಿ ಕಪ್ಪು ಮೈಮೇಲೆ ಬಿಳಿ, ಕೆಂಪು ಚುಕ್ಕಿಗಳ ಲಿಲಿ ಹುಳು ಎಲೆಗೆ ಬೀಳುತ್ತದೆ. ಎಲೆಯ ಹಿಂಬದಿ ನೋಡಿ ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿ. ಎರಡು ದಿನ ತಡವಾದರೆ ದಂಟಷ್ಟೇ ಉಳಿಯುತ್ತದೆ. ಇನ್ನೊಂದು ಎಚ್ಚರಿಕೆ: ಗಿಡದ ಎಲ್ಲ ಭಾಗವೂ ವಿಷ. ನೋಡಲು ಈರುಳ್ಳಿಯಂತಿರುವ ಗೆಡ್ಡೆಯನ್ನು ಅಡುಗೆಮನೆಯ ಹತ್ತಿರ ಇಡಬೇಡಿ, ನಾಯಿ ಕೆದಕುವ ಜಾಗದಲ್ಲಿ ನೆಡಬೇಡಿ.

ನೆಲಸಂಪಿಗೆ (ಕೆಂಪ್‌ಫೇರಿಯಾ ರೋಟುಂಡಾ) ಶುಂಠಿಯ ಬಳಗದ್ದು. ಎಲೆಗಿಂತ ಮೊದಲೇ ಬಿಳಿ–ನೇರಳೆ ಹೂ ಮಣ್ಣಿಗೆ ಅಂಟಿಕೊಂಡಂತೆ ಅರಳುತ್ತದೆ. ಪರಿಮಳ ಬೇಕಿದ್ದರೆ ಬಗ್ಗಲೇಬೇಕು. ಕೊಳ್ಳುವಾಗ ಗೆಡ್ಡೆಯನ್ನು ತಿರುಗಿಸಿ ನೋಡಿ: ನಡುವೆ ಚಿಕ್ಕ ಕಾಂಡ, ಅದರಿಂದ ದಾರದಂಥ ಬೇರುಗಳಲ್ಲಿ ಜೋತಾಡುವ ಉಂಡೆಗಳು. ಮೊಳೆಯುವ ಕಣ್ಣಿರುವುದು ನಡುವಿನ ಕಾಂಡದಲ್ಲಿ ಮಾತ್ರ. ಬರೀ ಉಂಡೆ ನೆಟ್ಟು ಕಾದವರಿಗೆ ಏನೂ ಸಿಗುವುದಿಲ್ಲ. ಕಣ್ಣು ಮೇಲಾಗಿ 5 ಸೆಂ.ಮೀ. ಆಳದಲ್ಲಿ, ಒಂದು ಗೇಣು ಅಂತರದಲ್ಲಿ ನೆಡಿ; ಮಣ್ಣಿನ ಮಿಶ್ರಣ ಮೇಲಿನದೇ. ಪ್ರತಿ ತುಂಡಿಗೂ ಒಂದು ಕಣ್ಣು, ಎರಡು ಮೂರು ಉಂಡೆ ಉಳಿಯುವಂತೆ ಮೂರು ವರ್ಷಕ್ಕೊಮ್ಮೆ ಬಿಡಿಸಿ, ಕೊಯ್ದ ಜಾಗಕ್ಕೆ ಬೂದಿ ಹಚ್ಚಿ.

ಚಳಿಗಾಲದಲ್ಲಿ ಗುರುತೇ ಇಲ್ಲದಂತೆ ಮಾಯವಾಗುವ ಗಿಡ ಇದು, ಪಕ್ಕದಲ್ಲೊಂದು ಗೂಟ ನೆಡದಿದ್ದರೆ ಯಾರಾದರೂ ಗುದ್ದಲಿ ಹಾಕುತ್ತಾರೆ. ಮಾರ್ಚ್ ಕೊನೆಗೆ ಮೇಲಿನ ತರಗೆಲೆ ಸರಿಸಿ ತೆಳುವಾಗಿ ಬಿಡಿ, ಇಲ್ಲವಾದರೆ ಹೂ ಅದರಡಿಯೇ ಮುದುಡುತ್ತದೆ. ಮೊದಲ ಮಳೆಗೆ ಬಸವನಹುಳುಗಳೂ ಏಳುತ್ತವೆ. ಸಂಜೆ ಒದ್ದೆ ಗೋಣಿಚೀಲದಡಿ ಪಪ್ಪಾಯಿ ಎಲೆ ಹಾಕಿಟ್ಟು, ಬೆಳಿಗ್ಗೆ ಚೀಲ ಎತ್ತಿ ಹಿಡಿದು ತೆಗೆಯಿರಿ.

ವರ್ಷವಿಡೀ ನೀರು ಬೀಳುವ, ಒಣಗಿಸಲು ಸಾಧ್ಯವೇ ಇಲ್ಲದ ಮೂಲೆಯಾದರೆ ಇವೆರಡನ್ನೂ ಬಿಟ್ಟು ಅಮೆಜಾನ್ ಲಿಲಿ ಹಾಕಿ. ಅದರ ಎಲೆ ಎಂದೂ ಉದುರಿ ಖಾಲಿಯಾಗುವುದಿಲ್ಲ. ಆದರೆ 8 ಇಂಚಿನ ಕುಂಡದಲ್ಲಿ ನಾಲ್ಕು ಗೆಡ್ಡೆ ಒತ್ತಾಗಿ ನೆಟ್ಟು, ಮೂರ್ನಾಲ್ಕು ವಾರ ಕುಂಡವನ್ನು ಎತ್ತಿ ಸೂರಿನಡಿ ಇಟ್ಟು, ಎಲೆ ತುಸು ಬಾಡುವಷ್ಟು ನೀರು ಕಡಿಮೆ ಮಾಡಿ ಮತ್ತೆ ಕೊಟ್ಟರೆ ಹೂದಂಟು ಬೇಗ ಏಳುತ್ತದೆ.