ಪರದೆ ಮೇಲೆ ಲೆಕ್ಕ ಸರಿ, ಒಟ್ಟು ಮಾತ್ರ ಬರದು: ನನ್ನ ಅನುಭವ

ಶಿರಸಿಯ ಒಂದು ಅಡಿಕೆ ಮಂಡಿಯ ಲೆಕ್ಕದ ಪ್ರೋಗ್ರಾಂ ನನ್ನ ಕೈಗೆ ಬಂತು. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಿಂದೆ ಯಾರೋ ಬರೆದದ್ದು. ಸುಮಾರು 40 ಫಂಕ್ಷನ್ (ಒಂದೊಂದು ಕೆಲಸದ ತುಣುಕು), ಎಲ್ಲದರಲ್ಲೂ ಉತ್ತರಕ್ಕೆ ಪ್ರಿಂಟ್, ಅಂದರೆ ಪರದೆಗೆ ತೋರಿಸುವುದು ಅಷ್ಟೇ; ಉತ್ತರವನ್ನು ಮುಂದಿನ ಲೆಕ್ಕಕ್ಕೆ ಕೊಡುವ ರಿಟರ್ನ್ ಇಲ್ಲ. ಚಾಲಿ, ರಾಶಿ, ಬೆಟ್ಟೆ ಅನ್ನುವ ಅಡಿಕೆ ಬಗೆಗಳಲ್ಲಿ ಒಂದೊಂದರ ಮೊತ್ತವೂ ಪರದೆ ಮೇಲೆ ಚೆಂದ ಕಾಣುತ್ತದೆ. ಮೂರನ್ನೂ ಕೂಡಿಸಲು ಹೋದರೆ ಟೈಪ್‌ಎರರ್, ನನ್‌ಟೈಪ್ ಅನ್ನುವ ದೋಷ: ಕೂಡಿಸಲು ಸಿಕ್ಕಿದ್ದು ಸಂಖ್ಯೆಯಲ್ಲ, ನನ್ (None, ಏನೂ ಇಲ್ಲ).

"ತಮಾ, ಪರದೆ ಮೇಲೆ ಕಾಣ್ತು, ಒಟ್ಟು ಎಂತಕ್ಕೆ ಬತ್ತಿಲ್ಲೆ?" ಅಂತ ಸಾಹುಕಾರರು ದಿನಾ ಕೇಳುತ್ತಿದ್ದರು. ಹುಬ್ಬಳ್ಳಿಯ ಗೆಳೆಯ, ಬಿಸಾಡಿ ಹೊಸದು ಬರೆಸು, 35 ಸಾವಿರ ಆದೀತು ಅಂದ. ಇದ್ದದ್ದನ್ನೇ ಸರಿಮಾಡಲು ಸಾಹುಕಾರರು ನನಗೆ ಒಪ್ಪಿದ್ದು ಎಂಟು ಸಾವಿರ.

ಮೊದಲು ಎಲ್ಲ ಪ್ರಿಂಟ್‌ ತೆಗೆದು ಒಂದೇ ಏಟಿಗೆ ರಿಟರ್ನ್ ಹಾಕಿದೆ. ತೂಕದ ಫಂಕ್ಷನ್‌ನಲ್ಲಿ ಪ್ರಿಂಟ್ ಇದ್ದದ್ದು ಲೂಪ್ ಒಳಗೆ, ಅಂದರೆ ಪ್ರತಿ ಚೀಲಕ್ಕೂ ಮರುಕಳಿಸುವ ಭಾಗದಲ್ಲಿ. ರಿಟರ್ನ್ ಬಂದ ಕೂಡಲೇ ಫಂಕ್ಷನ್ ಮುಗಿಯುತ್ತದೆ. 22 ಚೀಲದ ಲಾಟಿಗೆ ಮೊದಲ ಚೀಲದ 65 ಕಿಲೋ ಮಾತ್ರ ಬಂತು. ಎರರ್ ಇಲ್ಲ, ಏನಿಲ್ಲ! ಗುಮಾಸ್ತರು ತೂಕದ ಪುಸ್ತಕ ನೋಡಿ ಹಿಡಿದರು, ಇಲ್ಲದಿದ್ದರೆ ರೈತರ ಕೈಗೆ ತಪ್ಪು ಚೀಟಿ ಹೋಗುತ್ತಿತ್ತು. ಅದಕ್ಕೆ ನಾನೇ ಸಾವಿರ ರೂಪಾಯಿ ಬಿಟ್ಟೆ. ಆಮೇಲೆ ಒಂದೇ ಸಾಲಲ್ಲಿ "ರಿಟರ್ನ್ ಪ್ರಿಂಟ್(ಮೊತ್ತ)" ಅಂತ ಬರೆದೆ, ಮತ್ತೆ ಅದೇ ದೋಷ. ಪ್ರಿಂಟ್ ತಾನೇ ಕೊಡುವುದು ನನ್, ಅಲ್ವಾ?

ಫಂಕ್ಷನ್ ಮುಟ್ಟದೆ, ಪರದೆಗೆ ಹೋಗುವುದನ್ನು ಬೇರೆಡೆ ತಿರುಗಿಸುವ ರೀಡೈರೆಕ್ಟ್ ಎಸ್‌ಟಿಡಿಔಟ್‌ನಿಂದ ಅದು ಪ್ರಿಂಟ್ ಮಾಡಿದ್ದನ್ನು ಸ್ಟ್ರಿಂಗ್‌ಐಒಗೆ (ಮೆಮೊರಿಯಲ್ಲಿ ಅಕ್ಷರ ಹಿಡಿದಿಡುವ ಡಬ್ಬಿಗೆ) ಹಿಡಿದೂ ನೋಡಿದೆ. "48,250.00" ಬಂತು. ಅಕ್ಷರಗಳನ್ನು ಸಂಖ್ಯೆ ಮಾಡುವ ಫ್ಲೋಟ್‌ಗೆ ಆ ಕಾಮಾ ನುಂಗಲಾಗಲಿಲ್ಲ. ಕಾಮಾ ತೆಗೆದರೂ ನಡುವೆ "ಲೆಕ್ಕ ಶುರು" ಅನ್ನುವ ಸಾಲು ನುಗ್ಗುತ್ತಿತ್ತು. ಲೆಕ್ಕಕ್ಕೆ ಅದು ಆಗಿಬರಲಿಲ್ಲ, ಆದರೆ ಹಳೇ ಪ್ರೋಗ್ರಾಂ ಏನು ತೋರಿಸುತ್ತಿತ್ತು ಅನ್ನುವುದಕ್ಕೆ ಸಾಕ್ಷಿಗೆ ಬಂತು.

ಕೊನೆಗೆ ಗೆದ್ದದ್ದು ಹೀಗೆ. ಪೈಥಾನ್ ಜೊತೆಗೇ ಬರುವ ಬಿಲ್ಟಿನ್ಸ್‌ನ ಪ್ರಿಂಟನ್ನೇ ಬದಲಿಸಿ, ಪ್ರತಿ ಸಾಲಿನ ಮುಂದೆ ಅದನ್ನು ಕರೆದ ಫಂಕ್ಷನ್ ಹೆಸರು ಬರುವಂತೆ ಮಾಡಿದೆ. ಯಾವ ಸಾಲು ಯಾರದ್ದೆಂದು ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಆ ಬದಲಾವಣೆ ತೆಗೆದು, ಕಳೆದ ಹಂಗಾಮಿನ ಬಿಲ್ಲುಗಳನ್ನು ಓಡಿಸಿ, ಬಂದದ್ದನ್ನೆಲ್ಲ ಫೈಲಿಗೆ ಹಿಡಿದಿಟ್ಟೆ. ಯಾವ ಬಿಲ್ಲು ಆರಿಸಬೇಕು ಅನ್ನುವುದರಲ್ಲೇ ಗುಟ್ಟಿದೆ, ಅದನ್ನು ಇಲ್ಲಿ ಬಿಡಿಸುವುದಿಲ್ಲ. ಆಮೇಲೆ ಬುಡದ, ಅಂದರೆ ಬೇರಾವುದನ್ನೂ ಕರೆಯದ, ಫಂಕ್ಷನ್‌ಗಳಿಂದ ಶುರು ಮಾಡಿ, ಒಂದೊಂದನ್ನೇ ಎರಡಾಗಿ ಒಡೆದೆ. ಒಂದು ಲೆಕ್ಕ ಮಾಡಿ ರಿಟರ್ನ್ ಮಾಡುತ್ತದೆ, ಇನ್ನೊಂದು ಹಳೇ ಹೆಸರಲ್ಲೇ ಪ್ರಿಂಟ್ ಮಾಡುತ್ತದೆ. ಲೂಪ್ ಇದ್ದಲ್ಲಿ ಎಲ್ಲ ಉತ್ತರಗಳ ಲಿಸ್ಟ್ ಕಟ್ಟಿ ಕೊನೆಗೆ ರಿಟರ್ನ್. ಪ್ರತಿ ಸಲ ಹಳೇ ಫೈಲಿನ ಜೊತೆ ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ.

ಮೂರು ವಾರ ಹಿಡಿಯಿತು, ದಿನಕ್ಕೆ ಒಂದೆರಡು ಗಂಟೆ. ಒಟ್ಟು ಪೈಸೆ ಸಮೇತ ಕೂಡಿತು. ಸಾಹುಕಾರರು ನಾನು ಬಿಟ್ಟಿದ್ದ ಸಾವಿರವನ್ನೂ ಸೇರಿಸಿ ಕೊಟ್ಟರು. ಹುಬ್ಬಳ್ಳಿ ಗೆಳೆಯ ಮೊನ್ನೆ ಆ ಪ್ರಿಂಟ್ ಬದಲಿಸುವ ಹತ್ತು ಸಾಲು ಕೇಳಿದ. ಕಳಿಸಿದ್ದೇನೆ.