ಭಾನುವಾರ ಬೇಯಿಸಿ, ಗುರುವಾರದವರೆಗೆ ತಿನ್ನಿ: ಹಣ್ಣು ಹಾಕಿದ ಬೇಕ್ಡ್ ಓಟ್ಸ್

ಬೆಳಿಗ್ಗೆ ಏಳೂವರೆಗೆ ಅಡುಗೆಮನೆಯಲ್ಲಿ ನಿಂತು ತಿಂಡಿಗೆ ಏನು ಎಂದು ಯೋಚಿಸಲು ಹೊರಟರೆ ಹೊತ್ತು ಮೀರಿರುತ್ತದೆ. ಕೈಗೆ ಸಿಕ್ಕ ಎರಡು ಬಿಸ್ಕತ್ತು ತಿಂದು ಹೊರಟವರಿಗೆ ಹತ್ತೂವರೆಗೆಲ್ಲ ಹೊಟ್ಟೆ ಚುರುಗುಟ್ಟುತ್ತದೆ. ರಜೆಯ ದಿನ ಸಂಜೆ ಒಂದು ಪಾತ್ರೆ ಓಟ್ಸ್ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ಮುಂದಿನ ನಾಲ್ಕು ದಿನ ಈ ಗಡಿಬಿಡಿ ಇರುವುದಿಲ್ಲ. ಹಾಲು, ಮೊಟ್ಟೆ, ಮಾಗಿದ ಹಣ್ಣು ಸೇರಿಸಿ ಓವನ್‌ನಲ್ಲಿ ಬೇಯಿಸಿದ ಓಟ್ಸ್ ಗಂಜಿಯಂತೆ ಅಂಟಂಟಾಗಿರುವುದಿಲ್ಲ, ಕೇಕಿನಷ್ಟು ಒಣಗಿಯೂ ಇರುವುದಿಲ್ಲ. ಚಾಕುವಿನಿಂದ ಚೌಕವಾಗಿ ಕತ್ತರಿಸಿ ತೆಗೆಯಬಹುದು, ಚಮಚದಿಂದ ತಿನ್ನಬಹುದು.

ಮಾಡುವುದು ಕಷ್ಟವಲ್ಲ. ಆದರೆ ಹದ ತಪ್ಪುವುದು ಸುಲಭ, ತಪ್ಪಿದಾಗಲೆಲ್ಲ ಕಾರಣ ಹೆಚ್ಚುಕಡಿಮೆ ಒಂದೇ: ನೀರು. ಮೊದಲ ಸಲ ನಾನು ಮಾಡಿದಾಗ ಅಂಚೆಲ್ಲ ಚೆನ್ನಾಗಿ ಕೆಂಪಗಾಗಿತ್ತು. ನಡುವಿಗೆ ಚಮಚ ಹಾಕಿದರೆ ಗುಲಾಬಿ ಬಣ್ಣದ ನೀರು ಒಸರಿತು. ಫ್ರೀಜರ್‌ನಲ್ಲಿದ್ದ ಸ್ಟ್ರಾಬೆರಿಯನ್ನು ಕರಗಲು ಬಿಟ್ಟು, ಆ ರಸದ ಸಮೇತ ಸುರಿದಿದ್ದೆ. ಹಾಲನ್ನು ಮಾತ್ರ ಕಡಿಮೆ ಮಾಡಿರಲಿಲ್ಲ. ಸ್ಟ್ರಾಬೆರಿಯ ತೂಕದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಪಾಲು ನೀರೇ. ಸೇಬು, ಬ್ಲೂಬೆರಿಗಳಲ್ಲಿ 85ರ ಆಸುಪಾಸು, ಬಾಳೆಹಣ್ಣಿನಲ್ಲಿ 75. ಒಣ ಓಟ್ಸ್‌ನಲ್ಲಿರುವುದು 10ರಷ್ಟು ಮಾತ್ರ. ಹಣ್ಣು ಬಿಟ್ಟ ನೀರನ್ನು, ಹಾಲಿನ ನೀರನ್ನು ಈ ಒಣ ಓಟ್ಸ್ ಕುಡಿದು ಮುಗಿಸಬೇಕು. ಈ ಲೆಕ್ಕ ಮನಸ್ಸಿನಲ್ಲಿದ್ದರೆ ಮುಂದಿನ ಹೆಜ್ಜೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಯಾವ ಓಟ್ಸ್?

ಪ್ಯಾಕೆಟ್ಟಿನ ಮೇಲೆ ‘ರೋಲ್ಡ್ ಓಟ್ಸ್’ ಎಂದಿರುವುದನ್ನೇ ತೆಗೆದುಕೊಳ್ಳಿ. ಇದು ಸಿಪ್ಪೆ ತೆಗೆದ ಇಡೀ ಕಾಳನ್ನು ಹಬೆಯಲ್ಲಿ ಮೆದುಮಾಡಿ, ಉರುಳೆಗಳ ನಡುವೆ ಒತ್ತಿ ಚಪ್ಪಟೆ ಮಾಡಿದ್ದು. ಕೈಯಲ್ಲಿ ಹಿಡಿದರೆ ಒಂದೊಂದು ಹಾಳೆಯೂ ಕಣ್ಣಿಗೆ ಬಿಡಿಬಿಡಿಯಾಗಿ ಕಾಣಬೇಕು. ‘ಇನ್‌ಸ್ಟಂಟ್’ ಎಂದು ಸಿಗುವುದು ಇನ್ನೂ ತೆಳುವಾಗಿ ಒತ್ತಿದ ಚೂರು. ಅದು ಹಾಲನ್ನು ಕೂಡಲೇ ಹೀರಿ ಮುದ್ದೆಗಟ್ಟುತ್ತದೆ, ಬೆಂದ ಮೇಲೆ ಜಗಿಯಲು ಏನೂ ಉಳಿದಿರುವುದಿಲ್ಲ. ಅದರ ಸಕ್ಕರೆ ಬೆರೆಸಿದ, ಸುವಾಸನೆ ಹಾಕಿದ ಪ್ಯಾಕೆಟ್ಟುಗಳಂತೂ ಈ ಕೆಲಸಕ್ಕೆ ಬೇಡವೇ ಬೇಡ. ‘ಸ್ಟೀಲ್ ಕಟ್’ ಎಂಬ ನುಚ್ಚು ಇದಕ್ಕೆ ಪೂರ್ತಿ ವಿರುದ್ಧ: ಈ ಅಳತೆಗೆ, ಈ ಹೊತ್ತಿಗೆ ಅದು ಬೇಯುವುದಿಲ್ಲ.

ಪ್ಯಾಕೆಟ್ ತೆರೆದಾಗ ಒಮ್ಮೆ ಮೂಸಿ ನೋಡುವ ಅಭ್ಯಾಸ ಒಳ್ಳೆಯದು. ಉಳಿದ ಧಾನ್ಯಗಳಿಗೆ ಹೋಲಿಸಿದರೆ ಓಟ್ಸ್‌ನಲ್ಲಿ ಕೊಬ್ಬಿನ ಅಂಶ ಜಾಸ್ತಿ, ಹಳತಾದರೆ ಕಮಟು ವಾಸನೆ ಹಿಡಿಯುತ್ತದೆ. ಎಷ್ಟು ದಾಲ್ಚಿನ್ನಿ ಹಾಕಿದರೂ ಆ ಕಹಿ ಮರೆಯಾಗುವುದಿಲ್ಲ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಮನೆಯಲ್ಲಿದ್ದರೆ ಇನ್ನೊಂದು ಎಚ್ಚರ ಬೇಕು. ಓಟ್ಸ್‌ನಲ್ಲಿ ಗೋಧಿಯ ಗ್ಲುಟೆನ್ ಇಲ್ಲ, ಆದರೆ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ, ಬಾರ್ಲಿ ಬೆರೆಯುವುದು ಸಾಮಾನ್ಯ. ಅಂಥವರು ಗ್ಲುಟೆನ್ ಮುಕ್ತ ಎಂದು ಮುದ್ರಿಸಿರುವ ಪ್ಯಾಕೆಟ್ಟನ್ನೇ ಕೊಳ್ಳಬೇಕು. ಶುದ್ಧ ಓಟ್ಸ್ ಕೂಡ ಕೆಲವರಿಗೆ ಒಗ್ಗುವುದಿಲ್ಲವಾದ್ದರಿಂದ ಮೊದಲು ವೈದ್ಯರನ್ನು ಕೇಳುವುದು ಕ್ಷೇಮ.

ಅಳತೆ

20 ಸೆಂಟಿಮೀಟರ್ ಚೌಕದ ಬೇಕಿಂಗ್ ಪಾತ್ರೆಗೆ, ಆರು ತುಂಡುಗಳಿಗೆ ಈ ಅಳತೆ. ಓಟ್ಸ್ 2 ಕಪ್, ಅಂದರೆ 180 ಗ್ರಾಂ. ಬೇಕಿಂಗ್ ಪೌಡರ್ 1 ಟೀ ಚಮಚ, ದಾಲ್ಚಿನ್ನಿ ಪುಡಿ ಒಂದೂವರೆ ಟೀ ಚಮಚ, ಉಪ್ಪು ಅರ್ಧ ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಅಕ್ರೋಟು ಅಥವಾ ಬಾದಾಮಿ ಚೂರು ಅರ್ಧ ಕಪ್. ಇವಿಷ್ಟು ಒಣ ಸಾಮಾನು. ಹಾಲು ಒಂದೂಮುಕ್ಕಾಲು ಕಪ್, ಸುಮಾರು 420 ಮಿಲಿಲೀಟರ್. ಮೊಟ್ಟೆ 2. ಚೆನ್ನಾಗಿ ಮಾಗಿದ ಬಾಳೆಹಣ್ಣು 2. ಕರಗಿಸಿದ ಬೆಣ್ಣೆ ಅಥವಾ ವಾಸನೆಯಿಲ್ಲದ ಎಣ್ಣೆ 2 ಟೇಬಲ್ ಚಮಚ. ವೆನಿಲಾ ಎಸೆನ್ಸ್ 1 ಟೀ ಚಮಚ. ಇದಕ್ಕೆ ಒಂದು ಸೇಬು, ಒಂದು ಕಪ್ ಬ್ಲೂಬೆರಿ ಅಥವಾ ಬೇರಾವುದಾದರೂ ಬೆರಿ ಹಣ್ಣು.

ಸಕ್ಕರೆಯನ್ನು ನಾನು ಉದ್ದೇಶಪೂರ್ವಕವಾಗಿಯೇ ಬಿಟ್ಟಿದ್ದೇನೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿದ ಬಾಳೆಹಣ್ಣಿನಲ್ಲಿ ಪಿಷ್ಟದ ಬಹುಪಾಲು ಸಕ್ಕರೆಯಾಗಿ ಮಾರ್ಪಟ್ಟಿರುತ್ತದೆ. ಅಂಥ ಎರಡು ಹಣ್ಣಿದ್ದರೆ ಒಂದು ಪಾತ್ರೆಗೆ ಸಾಕಷ್ಟು ಸಿಹಿ ಬರುತ್ತದೆ. ಹಸಿರು ಮಿಶ್ರಿತ ಹಳದಿ ಹಣ್ಣು ಹಾಕಿ, ಆಮೇಲೆ ಸಪ್ಪೆಯಾಯಿತೆಂದು ಸಕ್ಕರೆ ಸುರಿಯುವುದಕ್ಕಿಂತ ಎರಡು ದಿನ ಕಾಯುವುದೇ ಮೇಲು. ಸಿಹಿ ಬೇಕೇ ಬೇಕು ಎನ್ನುವವರು 2 ಟೇಬಲ್ ಚಮಚ ಜೇನುತುಪ್ಪ ಸೇರಿಸಿಕೊಳ್ಳಬಹುದು, ಅಥವಾ ನಾಲ್ಕು ಖರ್ಜೂರವನ್ನು ಸಣ್ಣಗೆ ಹೆಚ್ಚಿ ಹಾಕಬಹುದು. ನನಗೆ ಖರ್ಜೂರವೇ ಇಷ್ಟ, ಅಲ್ಲಲ್ಲಿ ಬಾಯಿಗೆ ಸಿಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಕೊಡುವುದಿದ್ದರೆ ಜೇನುತುಪ್ಪ ಖಂಡಿತ ಕೂಡದು. ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆಗೆ ಕಾರಣವಾಗುವ ಸೂಕ್ಷ್ಮಾಣುವಿನ ಬೀಜಕಣಗಳು ಅದರಲ್ಲಿ ಇರಬಹುದು, ಓವನ್‌ನ ಬಿಸಿಗೂ ಅವು ಸಾಯುವುದಿಲ್ಲ.

ಮೊಟ್ಟೆ ತಿನ್ನದವರು ಒಂದು ಮೊಟ್ಟೆಗೆ ಬದಲಾಗಿ 1 ಟೇಬಲ್ ಚಮಚ ಅಗಸೆ ಬೀಜದ ಪುಡಿಯನ್ನು 3 ಟೇಬಲ್ ಚಮಚ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಡಬೇಕು. ಅದು ಲೋಳೆಯಂತಾಗಿ ಓಟ್ಸನ್ನು ಹಿಡಿದಿಡುತ್ತದೆ. ತುಂಡು ಮೊಟ್ಟೆ ಹಾಕಿದಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ, ರುಚಿಗೇನೂ ಕೊರತೆಯಿಲ್ಲ. ಹಾಲಿನ ಬದಲು ಸೋಯಾ ಹಾಲು, ಬಾದಾಮಿ ಹಾಲು ನಡೆಯುತ್ತದೆ.

ಹಣ್ಣಿನ ಆಯ್ಕೆ

ಸೇಬು, ಪೇರ್, ಪೀಚ್, ಬೆರಿಗಳು ಓವನ್‌ನಲ್ಲಿ ಬೆಂದಷ್ಟೂ ರುಚಿಗಟ್ಟುತ್ತವೆ. ಸೇಬನ್ನು ಕಡಲೆಕಾಳಿಗಿಂತ ತುಸು ದೊಡ್ಡ ಚೂರುಗಳಾಗಿ ಹೆಚ್ಚಿ. ದಪ್ಪ ಹೋಳಾದರೆ ಓಟ್ಸ್ ಬೆಂದರೂ ಸೇಬು ಹಸಿಯಾಗಿಯೇ ಉಳಿಯುತ್ತದೆ. ಒಣದ್ರಾಕ್ಷಿಯಂಥ ಒಣಹಣ್ಣನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ ಹಾಕಿ. ಇಲ್ಲವಾದರೆ ಓಟ್ಸ್‌ಗೆ ಸೇರಬೇಕಾದ ಹಾಲನ್ನು ಅದು ಕುಡಿದುಬಿಡುತ್ತದೆ.

ಫ್ರೀಜರ್‌ನ ಹಣ್ಣನ್ನು ಕರಗಿಸಬೇಡಿ. ಕಲ್ಲಿನಂತೆ ಇರುವಾಗಲೇ ಒಂದು ಟೇಬಲ್ ಚಮಚ ಒಣ ಓಟ್ಸ್‌ನಲ್ಲಿ ಹೊರಳಿಸಿ ಪಾತ್ರೆಗೆ ಹಾಕಿ, ಹಾಲನ್ನು 3 ಟೇಬಲ್ ಚಮಚ ಕಡಿಮೆ ಮಾಡಿ, ಬೇಯುವ ಹೊತ್ತಿಗೆ ಐದರಿಂದ ಎಂಟು ನಿಮಿಷ ಸೇರಿಸಿ. ನನ್ನ ಸ್ಟ್ರಾಬೆರಿ ಪ್ರಸಂಗದ ನಂತರ ಇದನ್ನು ಒಮ್ಮೆಯೂ ತಪ್ಪಿಸಿಲ್ಲ.

ಅನಾನಸ್, ಪಪಾಯ, ಕಿವಿ ಮಾತ್ರ ಒಳಗೆ ಬೇಡ. ಈ ಮೂರರಲ್ಲೂ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ, ಹಾಲಿನೊಂದಿಗೆ ಹಸಿಯಾಗಿ ನೆನೆದರೆ ಕಹಿ ಬರುತ್ತದೆ. ತಿನ್ನುವಾಗ ಮೇಲೆ ಹಾಕಿಕೊಳ್ಳಲು ಅಡ್ಡಿಯಿಲ್ಲ. ಬ್ಲೂಬೆರಿ ಹಾಕುವವರು ಬೇಕಿಂಗ್ ಪೌಡರ್ ಬದಲಿಗೆ ಬೇಕಿಂಗ್ ಸೋಡಾ ಬಳಸಬಾರದು. ಸೋಡಾ ಕ್ಷಾರ, ಕ್ಷಾರ ತಗುಲಿದರೆ ಆ ನೇರಳೆ ಬಣ್ಣ ಹಸಿರುಮಿಶ್ರಿತ ಬೂದಿಗೆ ತಿರುಗುತ್ತದೆ. ತಿಂದರೆ ತೊಂದರೆಯಿಲ್ಲ, ನೋಡಿದರೆ ತಿನ್ನಲು ಮನಸ್ಸಾಗುವುದಿಲ್ಲ.

ಮಾಡುವ ಕ್ರಮ

ಓವನ್ ಅನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಹಚ್ಚಿಡಿ. ಫ್ಯಾನ್ ಇರುವ ಓವನ್ ಆದರೆ 160 ಸಾಕು. ಪಾತ್ರೆಯ ತಳಕ್ಕೂ ಮೂಲೆಗಳಿಗೂ ಬೆಣ್ಣೆ ಸವರಿ.

ದೊಡ್ಡ ಬಟ್ಟಲಿನಲ್ಲಿ ಒಣ ಸಾಮಾನನ್ನೆಲ್ಲ ಹಾಕಿ ಕೈಯಿಂದಲೇ ಬೆರೆಸಿ. ಬೇಕಿಂಗ್ ಪೌಡರ್ ಒಂದೇ ಕಡೆ ಗಂಟಾಗಿ ಕೂತರೆ ಅಲ್ಲಿ ಕಹಿ, ಉಳಿದ ಕಡೆ ಗಟ್ಟಿ. ಇನ್ನೊಂದು ಬಟ್ಟಲಿನಲ್ಲಿ ಬಾಳೆಹಣ್ಣನ್ನು ಮುಳ್ಳುಚಮಚದಿಂದ ನುಣ್ಣಗೆ ಕಿವುಚಿ, ಮೊಟ್ಟೆ ಒಡೆದು ಹಾಕಿ ಚೆನ್ನಾಗಿ ಕದಡಿ, ಆಮೇಲೆ ಹಾಲು, ವೆನಿಲಾ ಸೇರಿಸಿ. ಬೆಣ್ಣೆಯನ್ನು ಕೊನೆಗೆ ಹಾಕಿ. ಹಾಲು ಫ್ರಿಜ್‌ನಿಂದ ಆಗ ತಾನೇ ತೆಗೆದದ್ದಾದರೆ ಕರಗಿದ ಬೆಣ್ಣೆ ಅದರಲ್ಲಿ ಹೆಪ್ಪುಗಟ್ಟಿ ಹರಳುಹರಳಾಗುತ್ತದೆ, ಆದ್ದರಿಂದ ಹಾಲನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ.

ಈಗ ಒಣ ಸಾಮಾನಿನ ಅರ್ಧ ಪಾಲನ್ನು ಪಾತ್ರೆಯಲ್ಲಿ ಹರಡಿ, ಮೇಲೆ ಸೇಬು ಮತ್ತು ಬೆರಿಗಳ ಮುಕ್ಕಾಲು ಪಾಲು, ಅದರ ಮೇಲೆ ಉಳಿದ ಓಟ್ಸ್. ಎಲ್ಲವನ್ನೂ ಒಟ್ಟಿಗೆ ಕಲಸಿ ಸುರಿಯುವವರೂ ಇದ್ದಾರೆ. ಪದರ ಮಾಡಿದರೆ ಹಣ್ಣು ಎಲ್ಲ ತುಂಡಿಗೂ ಸಮನಾಗಿ ಸಿಗುತ್ತದೆ ಎಂಬುದಕ್ಕೆ ನಾನು ಹೀಗೆ ಮಾಡುತ್ತೇನೆ. ಹಾಲಿನ ಮಿಶ್ರಣವನ್ನು ಅಂಚಿನಿಂದ ನಡುವಿನ ಕಡೆಗೆ ನಿಧಾನವಾಗಿ ಸುರಿಯಿರಿ. ಓಟ್ಸ್ ಮೇಲೆದ್ದು ತೇಲುತ್ತದೆ, ಸಂದುಗಳಿಂದ ಸಣ್ಣ ಗುಳ್ಳೆಗಳು ಒಂದೊಂದಾಗಿ ಬಂದು ಒಡೆಯುತ್ತವೆ. ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ. ಗುಳ್ಳೆ ನಿಂತರೆ ಹಾಲು ತಳದವರೆಗೂ ಇಳಿದಿದೆ ಎಂದು ತಿಳಿಯಬಹುದು. ಉಳಿದ ಹಣ್ಣನ್ನು ಮೇಲೆ ಉದುರಿಸಿ.

ಪಾತ್ರೆಯನ್ನು ನೋಡಿದರೆ ನೀರುನೀರಾಗಿದೆ ಎಂಬ ಗಾಬರಿ ಹುಟ್ಟುತ್ತದೆ. ಹಾಗೆಯೇ ಇರಬೇಕು. ಗಾಬರಿಗೆ ಇನ್ನೊಂದು ಹಿಡಿ ಓಟ್ಸ್ ಸೇರಿಸಿದರೆ ಮರುದಿನ ಸಿಗುವುದು ಒಣ ಇಟ್ಟಿಗೆ. ಹತ್ತು ನಿಮಿಷ ಹಾಗೇ ಬಿಡಿ. ಓಟ್ಸ್ ಹೀರಲು ತೊಡಗಿ ಮೇಲ್ಮೈ ತುಸು ತಗ್ಗುತ್ತದೆ. ಈ ಹತ್ತು ನಿಮಿಷ ಕೊಡದೆ ನೇರವಾಗಿ ಓವನ್‌ಗೆ ಇಟ್ಟರೆ ಮೇಲೆ ಓಟ್ಸ್, ಕೆಳಗೆ ಮೊಟ್ಟೆ-ಹಾಲಿನ ಗಟ್ಟಿ ಪದರ ಎಂದು ಎರಡು ಭಾಗವಾಗುತ್ತದೆ.

ನಡುವಿನ ಹಲಗೆಯಲ್ಲಿಟ್ಟು 38ರಿಂದ 42 ನಿಮಿಷ ಬೇಯಿಸಿ. ಗಡಿಯಾರಕ್ಕಿಂತ ಕಣ್ಣನ್ನು ನಂಬಿ, ಒಂದು ಓವನ್ ಇನ್ನೊಂದರಂತೆ ಇರುವುದಿಲ್ಲ. ಮೂವತ್ತು ನಿಮಿಷದ ಹೊತ್ತಿಗೆ ದಾಲ್ಚಿನ್ನಿಯ ಘಮ ಮನೆ ತುಂಬಿರುತ್ತದೆ, ಆಗ ತೆಗೆಯುವ ಆಸೆಯಾಗುತ್ತದೆ. ಬೇಡ. ಅಂಚು ಕೆಂಪಗಾಗಿ ಪಾತ್ರೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿರಬೇಕು. ಪಾತ್ರೆಯನ್ನು ಅಲುಗಿಸಿದರೆ ನಡುಭಾಗ ತುಸು ನಡುಗಬಹುದು, ಆದರೆ ಅಲೆಯಾಡಬಾರದು. ಅಡುಗೆ ಥರ್ಮಾಮೀಟರ್ ಇದ್ದವರು ನಡುವಿಗೆ ಚುಚ್ಚಿ ನೋಡಲಿ. 74 ಡಿಗ್ರಿ ತೋರಿಸಿದರೆ ಮೊಟ್ಟೆ ಪೂರ್ತಿ ಬೆಂದಿದೆ. ಮೇಲಿನ ಅಕ್ರೋಟು ಬೇಗ ಕಪ್ಪಾಗತೊಡಗಿದರೆ ಪಾತ್ರೆಯ ಮೇಲೆ ಒಂದು ಹಾಳೆ ಅಲ್ಯೂಮಿನಿಯಂ ಫಾಯಿಲ್ ಸಡಿಲವಾಗಿ ಹೊದಿಸಿ.

ಹೊರತೆಗೆದ ಮೇಲೂ ಒಳಗೆ ಕೆಲಸ ನಡೆದೇ ಇರುತ್ತದೆ. ಕನಿಷ್ಠ ಇಪ್ಪತ್ತು ನಿಮಿಷ ಆರಲು ಬಿಡಿ. ಬಿಸಿಯಲ್ಲಿ ಕತ್ತರಿಸಿದರೆ ತುಂಡು ಕುಸಿಯುತ್ತದೆ. ಪೂರ್ತಿ ತಣ್ಣಗಾದಂತೆ ಓಟ್ಸ್‌ನ ಪಿಷ್ಟ ಗಟ್ಟಿಯಾಗಿ ಅಂಚು ಚೂಪಾಗಿ ನಿಲ್ಲುತ್ತದೆ. ಮೊದಲ ದಿನಕ್ಕಿಂತ ಎರಡನೆಯ ದಿನದ ತುಂಡೇ ನನಗೆ ಹೆಚ್ಚು ರುಚಿ.

ಹೊಟ್ಟೆಗೆ ಏನು ಸಿಗುತ್ತದೆ?

ಆರು ತುಂಡು ಮಾಡಿದರೆ ಒಂದೊಂದರಲ್ಲಿ 30 ಗ್ರಾಂ ಓಟ್ಸ್. ಮೊಟ್ಟೆ, ಹಾಲು, ಅಕ್ರೋಟು ಎಲ್ಲ ಸೇರಿ ಸುಮಾರು 10 ಗ್ರಾಂ ಪ್ರೋಟೀನ್. ಓಟ್ಸ್‌ನಿಂದಲೇ 3 ಗ್ರಾಂನಷ್ಟು ನಾರು ಬರುತ್ತದೆ, ಹಣ್ಣಿನದ್ದು ಅದರ ಮೇಲೆ. ಓಟ್ಸ್‌ನ ನಾರಿನಲ್ಲಿ ಬೀಟಾ ಗ್ಲೂಕನ್ ಎಂಬ ಕರಗುವ ನಾರಿದೆ. ನೀರಿನೊಡನೆ ಸೇರಿ ಲೋಳೆಯಾಗುವುದು ಇದರ ಗುಣ. ಕರುಳಿನಲ್ಲಿ ಹೀಗೆ ಮಂದವಾಗುವುದರಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ರಕ್ತದ ಸಕ್ಕರೆ ದಿಢೀರನೆ ಏರುವುದಿಲ್ಲ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಕೆಟ್ಟ ಕೊಲೆಸ್ಟರಾಲನ್ನು ತಗ್ಗಿಸಲು ನೆರವಾಗುತ್ತದೆ ಎಂಬ ಆಧಾರದ ಮೇಲೆ 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಓಟ್ಸ್ ಪ್ಯಾಕೆಟ್ಟುಗಳ ಮೇಲೆ ಹೃದಯದ ಆರೋಗ್ಯದ ಮಾತನ್ನು ಮುದ್ರಿಸಲು ಒಪ್ಪಿಗೆ ಕೊಟ್ಟಿತು. ನಮ್ಮ ಒಂದು ತುಂಡಿನಲ್ಲಿ ಇರುವುದು ಒಂದು ಗ್ರಾಂಗಿಂತ ತುಸು ಹೆಚ್ಚು. ಒಂದು ತುಂಡು ತಿಂದು ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬಾರದು, ಔಷಧಿ ನಡೆಯುತ್ತಿದ್ದರೆ ಬಿಡಲೂ ಬಾರದು.

ಇಟ್ಟುಕೊಳ್ಳುವುದು, ಬಿಸಿ ಮಾಡುವುದು

ಹಾಲು ಮೊಟ್ಟೆ ಇರುವ ತಿಂಡಿಯಾದ್ದರಿಂದ ಓವನ್‌ನಿಂದ ತೆಗೆದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಬಿಸಿಯಿರುವಾಗಲೇ ಮುಚ್ಚಳ ಹಾಕಬೇಡಿ, ಹಬೆ ನೀರಾಗಿ ಮೇಲೆ ತೊಟ್ಟಿಕ್ಕಿ ಕೆಂಪು ಪದರ ಮೆತ್ತಗಾಗುತ್ತದೆ. ತುಂಡು ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ನಾಲ್ಕು ದಿನ ಚೆನ್ನಾಗಿರುತ್ತದೆ. ಅದಕ್ಕಿಂತ ಹೆಚ್ಚು ದಿನಕ್ಕೆ ಬೇಕಾದರೆ ಮೊದಲ ದಿನವೇ ಫ್ರೀಜರ್‌ಗೆ ಹಾಕಿ, ಮೂರನೆಯ ದಿನ ಉಳಿದದ್ದನ್ನಲ್ಲ. ಒಂದೊಂದು ತುಂಡನ್ನೂ ಬೇಕಿಂಗ್ ಪೇಪರ್‌ನಲ್ಲಿ ಬೇರೆಬೇರೆ ಸುತ್ತಿ, ಚೀಲಕ್ಕೆ ಹಾಕಿ, ಗಾಳಿ ಹೊರಗೊತ್ತಿ, ಮೇಲೆ ತಾರೀಕು ಬರೆಯಿರಿ. ಎರಡು ಮೂರು ತಿಂಗಳೊಳಗೆ ತಿಂದು ಮುಗಿಸಿದರೆ ರುಚಿ ಕೆಡುವುದಿಲ್ಲ.

ಫ್ರಿಜ್‌ನ ತುಂಡಿಗೆ ಮೈಕ್ರೋವೇವ್‌ನಲ್ಲಿ ಒಂದು ನಿಮಿಷ ಸಾಕು. ಫ್ರೀಜರ್‌ನದ್ದಾದರೆ ಹಿಂದಿನ ರಾತ್ರಿ ಫ್ರಿಜ್‌ಗೆ ಇಳಿಸಿಟ್ಟುಕೊಳ್ಳಿ, ಮರೆತಿದ್ದರೆ ಎರಡರಿಂದ ಎರಡೂವರೆ ನಿಮಿಷ ಕೊಡಿ. ನಡುಭಾಗ ಹೊಗೆಯಾಡುವಷ್ಟು ಬಿಸಿಯಾಗಬೇಕು. ಓಟ್ಸ್ ಫ್ರಿಜ್‌ನಲ್ಲಿದ್ದಾಗಲೂ ನೀರು ಹೀರುತ್ತಲೇ ಇರುವುದರಿಂದ ನಾಲ್ಕನೆಯ ದಿನ ತುಂಡು ಬಿರುಸಾಗಿರುತ್ತದೆ. ಬಿಸಿ ಮಾಡುವ ಮೊದಲು ಅದರ ಮೇಲೆ ಒಂದು ಟೇಬಲ್ ಚಮಚ ಹಾಲು ಹಾಕಿ ಒಂದು ನಿಮಿಷ ಬಿಟ್ಟರೆ ಮತ್ತೆ ಮೊದಲಿನ ಹದಕ್ಕೆ ಬರುತ್ತದೆ.