ಮನೆಯಲ್ಲಿ ಅಳೆದ ಬಿಪಿಯನ್ನು ನಾನು ಓದುವ ಬಗೆ

ಚಿಕಿತ್ಸಾಲಯದಲ್ಲಿ ನನ್ನ ರಕ್ತದೊತ್ತಡ 150/94 ಎಂದು ಬಂದ ದಿನ ವೈದ್ಯರು ಮಾತ್ರೆ ಬರೆದುಕೊಡದೆ, ಒಂದು ವಾರ ಮನೆಯಲ್ಲಿಯೇ ಬೆಳಿಗ್ಗೆ ಮತ್ತು ಸಂಜೆ ಅಳೆದು ಬರೆದು ತರಲು ಹೇಳಿದರು. ಆಸ್ಪತ್ರೆಯ ವಾತಾವರಣದಲ್ಲಿ ಮಾತ್ರ ಒತ್ತಡ ಏರುವವರೂ ಇದ್ದಾರೆ, ಅಲ್ಲಿ ಸರಿಯಾಗಿದ್ದು ಮನೆಯಲ್ಲಿ ಏರುವವರೂ ಇದ್ದಾರೆ. ಒಂದೇ ಸಲದ ಅಂಕಿ ಇವರನ್ನು ಬೇರ್ಪಡಿಸಲಾರದು.

ಮೇಲಿನ ಅಂಕಿ ಹೃದಯ ಸಂಕುಚಿಸಿ ರಕ್ತವನ್ನು ನೂಕುವಾಗ ಧಮನಿಗಳಲ್ಲಿರುವ ಒತ್ತಡ. ಕೆಳಗಿನದು ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡಾಗ ಉಳಿಯುವ ಒತ್ತಡ. ಎರಡನ್ನೂ ಪಾದರಸದ ಮಿಲಿಮೀಟರುಗಳಲ್ಲಿ ಹೇಳುತ್ತಾರೆ.

ಅಳೆಯುವ ಕ್ರಮಕ್ಕೆ ನಾನು ಹೆಚ್ಚು ಗಮನ ಕೊಟ್ಟೆ, ಏಕೆಂದರೆ ಅಂಕಿಯ ಅರ್ಥ ಅಲ್ಲಿಯೇ ಕೆಡುತ್ತದೆ. ಅಳೆಯುವುದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ ಕುಡಿಯುತ್ತಿರಲಿಲ್ಲ (ಬೆಳಗಿನ ಫಿಲ್ಟರ್ ಕಾಫಿಯನ್ನು ಮುಂದೂಡುವುದೇ ಇದರಲ್ಲಿ ಕಠಿಣ ಭಾಗ). ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಕಾಲು ಮೇಲೆ ಕಾಲು ಹಾಕದೆ, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕುಳಿತು, ತೋಳನ್ನು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇಟ್ಟುಕೊಂಡ ನಂತರವೇ ಯಂತ್ರದ ಗುಂಡಿ ಒತ್ತುತ್ತಿದ್ದೆ. ತೋಳು ಹೃದಯಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಒತ್ತಡ 7–8 ಅಂಕಿಯಷ್ಟು ಹೆಚ್ಚಾಗಿ ಕಾಣುತ್ತದೆ. ತೋಳಿನ ಸುತ್ತಳತೆಗೆ ಚಿಕ್ಕದಾದ ಪಟ್ಟಿ ಕಟ್ಟಿದರೂ ಅಂಕಿ ಏರುತ್ತದೆ. ಪ್ರತಿ ಸಲವೂ ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಎರಡನ್ನೂ ಬರೆದಿಟ್ಟೆ.

ವಾರದ ಕೊನೆಯಲ್ಲಿ ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದಾಗ 138/87 ಬಂತು. 140/90ರ ಒಳಗಿದೆಯೆಂದು ಮನೆಯವರು ನಿಟ್ಟುಸಿರುಬಿಟ್ಟರು. ಆದರೆ 140/90 ಎಂಬುದು ಚಿಕಿತ್ಸಾಲಯದಲ್ಲಿ ಅಳೆದ ಒತ್ತಡಕ್ಕೆ ಭಾರತದಲ್ಲಿ ಬಳಸುವ ಗಡಿ. ಮನೆಯ ಸರಾಸರಿಗೆ ಅದಕ್ಕೆ ಸರಿಸಮನಾದ ಗಡಿ 135/85. ಹಾಗಾಗಿ ನನ್ನದು ಅಧಿಕ ರಕ್ತದೊತ್ತಡವೇ ಎಂದು ವೈದ್ಯರು ಖಚಿತಪಡಿಸಿದರು. ಅಮೆರಿಕದ ಹೃದ್ರೋಗ ಸಂಘಟನೆಗಳು 2017ರಲ್ಲಿ ಗಡಿಯನ್ನು 130/80ಕ್ಕೆ ಇಳಿಸಿದ್ದರಿಂದ, ಅಲ್ಲಿರುವ ನನ್ನ ತಮ್ಮನಿಗೆ 132/82ಕ್ಕೇ ಬಿಪಿ ಇದೆಯೆಂದು ಹೇಳಿದ್ದಾರೆ. ಆ ಗಡಿಯನ್ನು ದಾಟಿದವರೆಲ್ಲರಿಗೂ ಮಾತ್ರೆ ಎಂದು ಅದರ ಅರ್ಥವಲ್ಲ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಧೂಮಪಾನ, ವಯಸ್ಸು ಇವನ್ನೆಲ್ಲ ನೋಡಿ ತೀರ್ಮಾನಿಸುತ್ತಾರೆ. ನನಗೆ ಉಪ್ಪು ಕಡಿಮೆ ಮಾಡಿ ನಡೆಯಲು ಹೇಳಿ, ಜೊತೆಗೆ ಸಣ್ಣ ಪ್ರಮಾಣದ ಒಂದು ಮಾತ್ರೆ ಕೊಟ್ಟರು.

ಈ ಅಭ್ಯಾಸದಿಂದ ನನ್ನ ತಾಯಿಯ ಅಂಕಿಗಳೂ ಅರ್ಥವಾದವು. ಅವರದು 164/74. ‘ವಯಸ್ಸಿಗೆ ನೂರು ಸೇರಿಸಿದರೆ ಎಷ್ಟೋ ಅಷ್ಟಿರಬಹುದು’ ಎಂಬ ಹಳೆಯ ಲೆಕ್ಕವನ್ನು ನಂಬಿದ್ದ ಅವರು, ಕೆಳಗಿನದು ಸರಿಯಿರುವುದರಿಂದ ಚಿಂತೆಯಿಲ್ಲವೆಂದುಕೊಂಡಿದ್ದರು. ವಯಸ್ಸಾದಂತೆ ದೊಡ್ಡ ಧಮನಿಗಳು ಪೆಡಸಾಗಿ, ಮೇಲಿನ ಅಂಕಿ ಮಾತ್ರ ಏರುವುದು ಸಾಮಾನ್ಯ, ಆದರೆ ಸಾಮಾನ್ಯವೆಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ಅದರಿಂದಲೂ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಅವರಿಗೆ ಚಿಕಿತ್ಸೆ ಶುರುವಾದ ಮೇಲೆ ನಿಂತುಕೊಂಡೂ ಅಳೆಯುತ್ತೇನೆ: ಎದ್ದ ಮೂರು ನಿಮಿಷಗಳೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿ ಬೀಳುವ ಸಂಭವವಿರುವುದರಿಂದ ವೈದ್ಯರಿಗೆ ತಿಳಿಸುತ್ತೇನೆ.

ಯಾವಾಗಲಾದರೂ 180/120 ದಾಟಿ ಕಂಡರೆ ಕೆಲವು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ಅಳೆದು, ಹಾಗೆಯೇ ಇದ್ದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಬೇಕೆಂದು ನಿಶ್ಚಯಿಸಿಕೊಂಡಿದ್ದೇವೆ. ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು, ಕೈಕಾಲಿನ ಬಲಹೀನತೆ ಅಥವಾ ಕಣ್ಣು ಮಂಜಾಗುವುದು ಇದ್ದರೆ ಎರಡನೆಯ ಅಳತೆಗೆ ಕಾಯದೆ 108ಕ್ಕೆ ಕರೆ ಮಾಡುವುದು.